ನಮಗಾಗದ್ದು ಕೋಳಿಗೂ ಬೇಡ

ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲಲ್ಲಿ ಒಂದೇ ವಾರದೊಳಗೆ ಹನ್ನೊಂದು ಕೋಳಿಮರಿಗಳನ್ನು ಹೂಳಿದೆವು. ಗಾಡಿಯಲ್ಲಿ ಮರಿ ಮಾರಿಕೊಂಡು ಬಂದವರಿಂದ ಕೊಂಡದ್ದು ಇಪ್ಪತ್ತು. ಪಿಯುಸಿ ಓದುವ ಮಗಳು "ಇವುಗಳನ್ನು ನಾನೇ ನೋಡಿಕೊಳ್ತೇನೆ" ಅಂತ ಹೇಳಿ ವಹಿಸಿಕೊಂಡಿದ್ದಳು. ಹನ್ನೊಂದನೆಯದನ್ನು ಮಣ್ಣು ಮಾಡಿ ಬಂದ ರಾತ್ರಿ ಅವಳು ಅನ್ನ ಮುಟ್ಟಲಿಲ್ಲ. "ಬಾಪಾ, ನಾನು ಕೊಟ್ಟ ನೀರಿನಿಂದಲೇ ಅವು ಸತ್ತವಾ?" ಅಂತ ಒಂದೇ ಮಾತು ಕೇಳಿದಳು.

ಆ ನೀರು ಯಾವುದು ಅಂತ ಮೊದಲು ಹೇಳಬೇಕು. ಕರಾವಳಿಯಿಂದ ಘಟ್ಟ ಹತ್ತಿ ಬಂದ ನಾವು ಹೊಸಬಾಳೆಯಲ್ಲಿ ನೆಲೆ ನಿಂತು ಹಲವು ವರ್ಷವಾಯಿತು. ಸೊರಬದ ಈ ಕಡೆ ಭತ್ತ, ಜೋಳ, ಅಡಿಕೆ, ಶುಂಠಿ, ಅನಾನಸ್ ಎಲ್ಲವೂ ಬೆಳೆಯುತ್ತದೆ. ಹಣ್ಣಿನ ಕಾಲದಲ್ಲಿ ಅನಾನಸ್ ಸಿಪ್ಪೆ ಮನೆ ಮನೆಯ ತಿಪ್ಪೆಯಲ್ಲೂ ಬಿದ್ದಿರುತ್ತದೆ. ಮಗಳು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಆ ಸಿಪ್ಪೆಗೆ ಬೆಲ್ಲ, ನೀರು ಸೇರಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದಳು. "ಇದು ಪ್ರೊಬಯಾಟಿಕ್ ಡ್ರಿಂಕ್, ಹೊಟ್ಟೆಗೆ ಒಳ್ಳೆಯದು" ಅಂದಳು. ಎರಡು ದಿನ ಎಲ್ಲರೂ ಚೂರು ಚೂರು ಕುಡಿದೆವು, ರುಚಿ ಚೆನ್ನಾಗಿಯೇ ಇತ್ತು. ಐದನೇ ದಿನ ಮುಚ್ಚಳ ತಿರುಗಿಸಿದಾಗ ಟಪ್ ಅಂತ ಸದ್ದು ಬಂತು, ನೊರೆ ಉಕ್ಕಿತು. ವಾಸನೆ ಮೂಗಿಗೆ ಬಡಿಯಿತು. ನಾವು "ಅದನ್ನು ಯಾರೂ ಕುಡಿಯಬೇಡಿ, ಚೆಲ್ಲಿ" ಅಂತ ಹೇಳಿ ಮದ್ರಸಕ್ಕೆ ಹೊರಟೆವು. ಅವಳಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಕೋಳಿಮರಿಗಳ ತಟ್ಟೆಗೆ ಸುರಿದಳು.

ಬರೀ ಅವಳನ್ನು ದೂರಿ ಏನು ಪ್ರಯೋಜನ? ಅದೇ ವಾರ ನಮ್ಮ ಉಮ್ಮ, ಮೂಲೆಯಲ್ಲಿ ಉಳಿದು ಬೂಷ್ಟು ಹಿಡಿದಿದ್ದ ಅನ್ನವನ್ನು ಮರಿಗಳಿಗೆ ಎಸೆದಿದ್ದರು. "ಕೋಳಿಗೆ ಕಲ್ಲು ಕೂಡ ಅರಗುತ್ತದೆ" ಎಂಬುದು ಅವರ ನಂಬಿಕೆ. ಇನ್ನು ನಾವು? ಮರಿ ತಂದ ಮೊದಲ ವಾರ ಲಸಿಕೆ ಹಾಕಿಸಬೇಕಿತ್ತು. ನಾಳೆ, ನಾಡಿದ್ದು ಅಂತ ಮುಂದೂಡಿ ಬಿಟ್ಟೆವು. ಉಳಿದ ಮರಿಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿ ಹೋದಾಗ ಅವರು ಕೇಳಿದ್ದು ಮೂರೇ ಪ್ರಶ್ನೆ. ಏನು ತಿನ್ನಿಸಿದಿರಿ? ಏನು ಕುಡಿಸಿದಿರಿ? ಲಸಿಕೆ ಹಾಕಿಸಿದ್ದೀರಾ? ಮೂರಕ್ಕೂ ತಲೆ ತಗ್ಗಿಸಿ ಉತ್ತರ ಹೇಳಬೇಕಾಯಿತು. ಯಾವುದರಿಂದ ಸತ್ತವು ಅಂತ ಅವರೂ ಹೇಳಲಿಲ್ಲ. ಸತ್ತ ಮರಿಯನ್ನು ತಂದು ಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು, ನಾವು ಎಲ್ಲವನ್ನೂ ಹೂತು ಬಿಟ್ಟಿದ್ದೆವು.

ಹಾಗಾಗಿ ಮಗಳ ಪ್ರಶ್ನೆಗೆ ಹೌದು ಅಥವಾ ಅಲ್ಲ ಅನ್ನಲು ನಮ್ಮಿಂದ ಆಗಲಿಲ್ಲ. ಆದರೆ ಮೂವರ ತಪ್ಪಿನ ಬೇರೂ ಒಂದೇ ಅಂತ ಅರ್ಥವಾಯಿತು. ನಮಗೆ ಬೇಡವಾದದ್ದು ಕೋಳಿಗೆ ಸಾಕು ಎಂಬ ಭಾವನೆ. ಹುದುಗಿದ ಪಾನೀಯ ಮನೆಯಲ್ಲಿ ಮಾಡುವುದು, ಕೋಳಿಗೂ ಕೊಡುವುದು ಎರಡೂ ಒಳ್ಳೆಯದೇ. ಆದರೆ ಹಂಚುವುದು ಬೇರೆ, ಸುರಿಯುವುದು ಬೇರೆ.

ಹುಳಿ ಯಾವುದು, ಅಮಲು ಯಾವುದು

ನಮ್ಮಲ್ಲಿ ಅನೇಕರು "ಉಸ್ತಾದ್, ಹುಳಿ ಬಂದದ್ದೆಲ್ಲ ಹರಾಮಾ?" ಅಂತ ಕೇಳುತ್ತಾರೆ. ಹಾಗಿದ್ದರೆ ಮೊಸರು, ಮಜ್ಜಿಗೆ, ದೋಸೆ ಹಿಟ್ಟು ಯಾವುದನ್ನೂ ಮುಟ್ಟುವಂತಿರಲಿಲ್ಲ. ಹುದುಗುವುದರಲ್ಲಿ ಎರಡು ದಾರಿಗಳಿವೆ. ಹಾಲು, ಅನ್ನ, ರಾಗಿಯಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಅವು ಸಕ್ಕರೆ ಅಂಶವನ್ನು ತಿಂದು ಹುಳಿ ಬಿಡುತ್ತವೆ. ಆ ಹುಳಿಯೇ ಕೆಟ್ಟ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಣ್ಣಿನ ರಸ, ಬೆಲ್ಲದ ನೀರು, ತಾಳೆ ಮರದ ರಸಗಳಲ್ಲಿ ಯೀಸ್ಟ್ ಎಂಬ ಅಣುಜೀವಿ ಬೇಗ ಬೆಳೆಯುತ್ತದೆ. ಅದು ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಗ್ಯಾಸ್ ಮಾಡುತ್ತದೆ. ಬೆಳಿಗ್ಗೆ ಇಳಿಸಿದ ಸಿಹಿ ರಸ ಸಂಜೆಗೆ ಕಳ್ಳಾಗುವುದನ್ನು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಗಳ ಬಾಟಲಿಯಲ್ಲಿ ನಡೆದದ್ದೂ ಅದೇ. ಅನಾನಸ್ ಸಿಪ್ಪೆಯ ಮೇಲೆ ಯೀಸ್ಟ್ ಇದ್ದೇ ಇರುತ್ತದೆ, ಬೆಲ್ಲ ಅದಕ್ಕೆ ಊಟವಾಯಿತು, ಬಿಗಿದ ಮುಚ್ಚಳದೊಳಗೆ ಐದು ದಿನ ಸಮಯವೂ ಸಿಕ್ಕಿತು. ಟಪ್ ಅಂದದ್ದು ಗ್ಯಾಸ್. ಗ್ಯಾಸ್ ಇದ್ದ ಮಾತ್ರಕ್ಕೆ ಅಮಲು ಬಂದಿದೆ ಅಂತಲ್ಲ, ಆದರೆ ಸಿಹಿ ರಸದಲ್ಲಿ ಅದು ಎಚ್ಚರಿಕೆಯ ಗಂಟೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯ ಮದ್ಯದ ಲೆಕ್ಕಕ್ಕೆ ಸೇರುತ್ತದೆ. ಮನೆಯಲ್ಲಿ ಅದನ್ನು ಅಳೆಯುವ ಉಪಕರಣ ಯಾರ ಬಳಿಯೂ ಇಲ್ಲ. ನಮ್ಮ ದೀನಿನ ಅಳತೆ ಬೇರೆ. ಹೆಚ್ಚು ಕುಡಿದರೆ ಅಮಲೇರಿಸುವಂಥದ್ದು ಸ್ವಲ್ಪವೂ ಬೇಡ. ಮಜ್ಜಿಗೆ ಕೊಡಗಟ್ಟಲೆ ಕುಡಿದರೂ ಹೊಟ್ಟೆ ತುಂಬುತ್ತದೆ, ಅಷ್ಟೇ. ಐದು ದಿನದ ಬೆಲ್ಲದ ನೀರಿನ ಬಗ್ಗೆ ಹಾಗೆ ಹೇಳಲು ಯಾರಿಗೂ ಧೈರ್ಯವಿಲ್ಲ.

ನೆನೆಸಿದ ಖರ್ಜೂರದ ನೀರು ಹಳೆಯ ಕಾಲದಿಂದಲೂ ನಮ್ಮವರಿಗೆ ಗೊತ್ತಿರುವುದೇ. ನಬೀದ್ ಅನ್ನುತ್ತಾರೆ. ಪ್ರವಾದಿಯವರಿಗೆ (ಸ.ಅ.) ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ಹಾಕಿ ಇಡುತ್ತಿದ್ದರು, ಬೆಳಿಗ್ಗೆ ಅವರು ಕುಡಿಯುತ್ತಿದ್ದರು ಎಂದು ಸಹೀಹ್ ಮುಸ್ಲಿಂನಲ್ಲಿದೆ. ಹೆಚ್ಚೆಂದರೆ ಮೂರು ದಿನ. ಅದರ ಮೇಲೆ ಉಳಿದರೆ ಸೇವಕರಿಗೆ ಕೊಡಿಸುತ್ತಿದ್ದರು ಅಥವಾ ಚೆಲ್ಲಿಸುತ್ತಿದ್ದರು. ಇಲ್ಲಿ ಕೆಲವರಿಗೆ ಗೊಂದಲವಾಗಬಹುದು. ತಾವು ಕುಡಿಯದ್ದನ್ನು ಸೇವಕರಿಗೆ ಕೊಡುವುದಾ ಅಂತ. ನಮ್ಮ ಶಾಫಿಈ ಮದ್‌ಹಬ್‌ನ ಇಮಾಮ್ ನವವಿಯವರು ಇದನ್ನು ಬಿಡಿಸಿ ಹೇಳಿದ್ದಾರೆ. ಪಾನೀಯದಲ್ಲಿ ಬದಲಾವಣೆಯ ಲಕ್ಷಣ ಕಾಣದಿದ್ದರೆ ವ್ಯರ್ಥವಾಗದಿರಲಿ ಅಂತ ಸೇವಕರಿಗೆ, ಅಮಲಿನ ಲಕ್ಷಣ ಕಂಡರೆ ಮಣ್ಣಿಗೆ. ಅಂದರೆ ಕೆಟ್ಟದ್ದು ಯಾರಿಗೂ ಇಲ್ಲ. ಮದ್ಯವನ್ನು ಪ್ರಾಣಿಗೆ ಕುಡಿಸುವುದನ್ನೂ ಉಲಮಾಗಳು ತಡೆದಿದ್ದಾರೆ. ಇಷ್ಟನ್ನು ಮಕ್ಕಳಿಗೆ ಪಾಠ ಹೇಳುವ ನಾವು ಆ ದಿನ ಮನೆಯಲ್ಲಿ "ಚೆಲ್ಲಿ" ಅಂತ ಅರ್ಧ ಮಾತು ಹೇಳಿ ಹೊರಟೆವು. ಎಲ್ಲಿಗೆ, ಯಾಕೆ ಅಂತ ಹೇಳಿದ್ದರೆ ಮಗಳು ಕೇಳುತ್ತಿದ್ದಳು.

ಕೋಳಿಯ ನೀರಿಗೆ ಸಿರ್ಕ ಹಾಕುವವರೂ ಇದ್ದಾರೆ, ಅದಕ್ಕೂ ಒಂದು ಮಾತು. ರಸ ಮದ್ಯವಾಗಿ, ಮತ್ತೆ ಏನನ್ನೂ ಬೆರೆಸದೆ ತಾನಾಗಿಯೇ ಸಿರ್ಕವಾದರೆ ಅದು ಶುದ್ಧ. ಮದ್ಯಕ್ಕೆ ಏನಾದರೂ ಹಾಕಿ ಸಿರ್ಕ ಮಾಡಿದರೆ ಶಾಫಿಈಯಲ್ಲಿ ಶುದ್ಧವಾಗುವುದಿಲ್ಲ, ಹನಫಿಯಲ್ಲಿ ಆಗುತ್ತದೆ. ಈ ಕಡೆ ಎರಡೂ ಮದ್‌ಹಬ್‌ನವರು ಅಕ್ಕಪಕ್ಕದಲ್ಲಿ ಇರುವುದರಿಂದ ಜಗಳ ಬೇಡ, ತಿಳಿದಿದ್ದರೆ ಸಾಕು.

ತಾಯಿಯಿಲ್ಲದ ಮರಿ

ನಮ್ಮ ಪಕ್ಕದ ಮನೆಯ ಅಜ್ಜಿಯ ನಾಟಿ ಕೋಳಿ ಅದೇ ಮಳೆಗಾಲದಲ್ಲಿ ಕಾವಿಗೆ ಕೂತು ಎಂಟು ಮರಿ ಮಾಡಿತ್ತು. ಎಂಟೂ ಉಳಿದವು. ಅಜ್ಜಿ ಹೇಳಿದ್ದು ಇಷ್ಟೇ, "ಮೇಷ್ಟ್ರೇ, ನಿಮ್ಮ ಮರಿಗೆ ತಾಯಿ ಇಲ್ಲ. ತಾಯಿ ಕೆದರಿದ ಮಣ್ಣೇ ಮರಿಗೆ ಮೊದಲ ಊಟ."

ಅಜ್ಜಿ ಅನುಭವದಲ್ಲಿ ಹೇಳಿದ್ದನ್ನು ಫಿನ್ಲೆಂಡಿನ ವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. 1971ರಲ್ಲಿ ಆ ದೇಶದ ಕೋಳಿ ಫಾರಂಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಹಬ್ಬಿತು. ನುರ್ಮಿ ಮತ್ತು ರಂಟಾಲ ಎಂಬ ಇಬ್ಬರು, ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನಲ್ಲಿರುವ ಅಣುಜೀವಿಗಳನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಕುಡಿಸಿದರು. ಆ ಮರಿಗಳು ಸಾಲ್ಮೊನೆಲ್ಲಾವನ್ನು ತಡೆದುಕೊಂಡವು. 1973ರಲ್ಲಿ ಅದು ಪ್ರಕಟವಾಯಿತು. ಕಾರಣ ಸರಳ. ತಾಯಿಯ ಜೊತೆ ಬೆಳೆಯುವ ಮರಿಗೆ ಅವಳ ಹಿಕ್ಕೆ, ಮಣ್ಣು, ಕೊಕ್ಕಿನಿಂದ ಒಳ್ಳೆಯ ಅಣುಜೀವಿಗಳು ಮೊದಲ ದಿನವೇ ಸೇರುತ್ತವೆ. ಯಂತ್ರದಲ್ಲಿ ಒಡೆದ ಮರಿಯ ಹೊಟ್ಟೆ ಖಾಲಿ ಮನೆ ಇದ್ದ ಹಾಗೆ. ಯಾರು ಮೊದಲು ಹೊಕ್ಕರೋ ಅವರದೇ ದರ್ಬಾರು. ಒಳ್ಳೆಯವರು ಮೊದಲು ಕೂತರೆ ಕೆಟ್ಟವರಿಗೆ ಜಾಗ ಸಿಗುವುದಿಲ್ಲ.

ಹುದುಗಿದ ಪಾನೀಯ ಕೋಳಿಗೆ ಕೊಡುವುದರ ಹಿಂದಿನ ಆಸೆಯೂ ಇದೇ. ಆದರೆ ಮಜ್ಜಿಗೆಯ ಅಣುಜೀವಿಗಳು ತಾಯಿಕೋಳಿಯ ಕರುಳಿನ ಅಣುಜೀವಿಗಳಲ್ಲ. ಅವು ಸ್ವಲ್ಪ ಸಹಾಯ ಮಾಡಬಹುದು, ತಾಯಿಯ ಜಾಗ ತುಂಬುವುದಿಲ್ಲ.

ಮೊಸರಿನ ಮಹಿಮೆಯನ್ನು ಜಗತ್ತಿಗೆ ಸಾರಿದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್. 1908ರಲ್ಲಿ ಅವರಿಗೆ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ. ಆದರೆ ಹುಳಿ ಹಾಲು ಆಯಸ್ಸು ಹೆಚ್ಚಿಸಬಹುದು ಎಂಬ ಅವರ ಮಾತು ಮನೆಮಾತಾಯಿತು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ವಿಭಾಗಗಳ ತಜ್ಞರು ಸೇರಿ ಪ್ರೊಬಯಾಟಿಕ್ ಎಂಬ ಪದಕ್ಕೆ ಅರ್ಥ ಕೊಟ್ಟರು. ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಅಣುಜೀವಿ, ಅಷ್ಟೇ. ಹುಳಿ ಬಂದ ಮಾತ್ರಕ್ಕೆ ಆ ಹೆಸರು ಸಲ್ಲುವುದಿಲ್ಲ. ಇಡ್ಲಿ, ದೋಸೆ ಹುದುಗಿದ ಹಿಟ್ಟಿನದೇ ಆದರೂ ಬೆಂದ ಮೇಲೆ ಆ ಅಣುಜೀವಿಗಳು ಉಳಿಯುವುದಿಲ್ಲ. ಮನೆಯ ಮಜ್ಜಿಗೆಯನ್ನು ಮಜ್ಜಿಗೆ ಅಂತಲೇ ಕರೆಯೋಣ. ಅದು ಒಳ್ಳೆಯ ಆಹಾರ, ಔಷಧವಲ್ಲ.

ಬೂಷ್ಟನ್ನು ಹಗುರ ಮಾಡಬೇಡಿ

ಉಮ್ಮನಿಗೆ ಒಪ್ಪಿಸಲು ನಮಗೆ ಎಲ್ಲಕ್ಕಿಂತ ಕಷ್ಟವಾದದ್ದು ಬೂಷ್ಟಿನ ವಿಷಯ. ಹುಳಿಯೂ ಬೂಷ್ಟೂ ಒಂದೇ ಅಂತ ಹಳಬರು ತಿಳಿದಿರುತ್ತಾರೆ. ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಏನು ರೋಗ ಅಂತಲೇ ತಿಳಿಯದೆ ಅದಕ್ಕೆ ಟರ್ಕಿ ಎಕ್ಸ್ ಅಂತ ಹೆಸರಿಟ್ಟರು. ಹುಡುಕಿದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅದರಲ್ಲಿದ್ದ ವಿಷವೇ ಅಫ್ಲಾಟಾಕ್ಸಿನ್. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಸರಿಯಾಗಿ ಒಣಗದ ಜೋಳ, ಶೇಂಗಾ ಹಿಂಡಿಯಲ್ಲಿ ಇದು ಬರಬಹುದು. ಪಾನೀಯದ ಮೇಲೆ ಹಸಿರು, ಕಪ್ಪು ರೋಮದಂತೆ ಬೆಳೆದಿದ್ದರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಕೋಳಿಗೆ ಕೊಡುವುದೂ ಬೇಡ. ಪೂರ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

ಕೋಳಿ ತಿಂದದ್ದನ್ನು ನಾಳೆ ನಾವು ತಿನ್ನುತ್ತೇವೆ. ಹೊಲಸು ತಿಂದು ತಿರುಗುವ ಕೋಳಿಯನ್ನು ಮೂರು ದಿನ ಕಟ್ಟಿ, ಒಳ್ಳೆಯ ಮೇವು ಹಾಕಿ ನಂತರ ಉಪಯೋಗಿಸುವ ರೂಢಿ ಇಬ್ನು ಉಮರ್ (ರ.) ಅವರಿಂದಲೇ ವರದಿಯಾಗಿದೆ. ಇದನ್ನು ಹೇಳಿದ ಮೇಲೆ ಉಮ್ಮ ಸುಮ್ಮನಾದರು. ಆಮೇಲೆ "ಹಾಗಾದರೆ ಅನ್ನ ಉಳಿಸದ ಹಾಗೆ ಅಳತೆ ನೋಡಿ ಇಡಿ" ಅಂತ ನಮಗೇ ತಿರುಗಿಸಿದರು. ಅದೂ ಸರಿಯೇ.

ನಮ್ಮ ಮನೆಯಲ್ಲಿ ಈಗ ಮಾಡುವ ಕ್ರಮ

ಮಜ್ಜಿಗೆ: ಹಾಲು ಕುದಿಸಿ, ಬೆರಳು ಅದ್ದಿದರೆ ಹಿತವಾಗುವಷ್ಟು ಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು. ಬೇಸಿಗೆಯಲ್ಲಿ ಆರೇಳು ಗಂಟೆ ಸಾಕು, ಮಳೆಗಾಲದಲ್ಲಿ ಹತ್ತು ಹನ್ನೆರಡು ಗಂಟೆ, ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಹತ್ತಿರ. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕೋಳಿಯ ಪಾಲನ್ನು ಮೊದಲೇ ತೆಗೆದಿಡುತ್ತೇವೆ. ಉಪ್ಪು, ಹಸಿಮೆಣಸು, ಶುಂಠಿ ನಮ್ಮ ಪಾಲಿಗೆ ಮಾತ್ರ. ಕೋಳಿಗೆ, ಅದರಲ್ಲೂ ಮರಿಗೆ, ಉಪ್ಪು ಹೆಚ್ಚಾದರೆ ವಿಷವೇ. ಒಂದು ಲೋಟ ಮಜ್ಜಿಗೆಗೆ ನಾಲ್ಕೈದು ಲೋಟ ನೀರು, ವಾರಕ್ಕೆ ಎರಡು ಸಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೋಳಿಗೆ ಕಡಿಮೆ. ಅತಿಯಾದರೆ ಹಿಕ್ಕೆ ನೀರಾಗುತ್ತದೆ.

ತಂಗಳ ಗಂಜಿ ನೀರು: ಕುಚ್ಚಲಕ್ಕಿ ಅನ್ನ ಉಳಿದರೆ ಬೇಗ ತಣಿಸಿ, ಮುಳುಗುವಷ್ಟು ಒಳ್ಳೆಯ ನೀರು ಹಾಕಿ, ಮಡಕೆಗೆ ಬಟ್ಟೆ ಕಟ್ಟಿ ಒಂದು ರಾತ್ರಿ ಇಡುವುದು. ಬೆಳಿಗ್ಗೆ ಹಿತವಾದ ಹುಳಿ ಇರುತ್ತದೆ. ನಮಗೆ ಮಾವಿನಮಿಡಿ ಉಪ್ಪಿನಕಾಯಿ ಜೊತೆ ಗಂಜಿ, ಕೋಳಿಗೆ ತವುಡಿನಲ್ಲಿ ಕಲಸಿದ ಅದೇ ನೀರು. ಮಧ್ಯಾಹ್ನದ ಅನ್ನವನ್ನು ಸಂಜೆವರೆಗೂ ಹಾಗೇ ಬಿಟ್ಟು, ರಾತ್ರಿ ನೆನೆಹಾಕುವುದು ತಪ್ಪು. ಬೆಂದ ಅನ್ನದಲ್ಲಿಯೂ ಬದುಕುಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಇದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ನೆನೆಸಿದ ಜೋಳದ ನುಚ್ಚು: ನುಚ್ಚು, ತವುಡು ಮುಳುಗುವಷ್ಟು ನೀರು, ಒಂದು ಹಿಡಿ ಮಜ್ಜಿಗೆ, ಒಂದರಿಂದ ಎರಡು ದಿನ. ದಿನಕ್ಕೆರಡು ಸಲ ಕೈಯಾಡಿಸಬೇಕು, ಕಾಳು ನೀರಿನ ಮೇಲೆ ತೇಲಿ ನಿಲ್ಲಬಾರದು. ಇದರಲ್ಲಿ ಒಂದು ಲಾಭವಿದೆ. ಧಾನ್ಯದಲ್ಲಿರುವ ರಂಜಕದ ಬಹುಭಾಗ ಕೋಳಿಗೆ ದಕ್ಕದ ರೂಪದಲ್ಲಿರುತ್ತದೆ, ಹುದುಗಿದಾಗ ಅದರಲ್ಲಿ ಸ್ವಲ್ಪ ಬಿಡುಗಡೆಯಾಗುತ್ತದೆ.

ಪಾತ್ರೆಯ ವಿಷಯ. ಹುಳಿಯನ್ನು ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದಲ್ಲಿ ಇಡಬಾರದು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಕೋಳಿಗೆ ತಗಡಿನ ಡಬ್ಬಿ ಇಡುವಾಗ ಅದೇ ನೆನಪಾಗುವುದಿಲ್ಲ. ಸತುವಿನ ಲೇಪವಿರುವ ತಗಡು ಹುಳಿಗೆ ಕರಗುತ್ತದೆ, ಆ ಸತುವು ಕೋಳಿಗೆ ವಿಷ. ಮಣ್ಣಿನ ತಟ್ಟೆ ಒಳ್ಳೆಯದು. ಹುಳಿ ನೀರು ಇಟ್ಟಾಗ ಪಕ್ಕದಲ್ಲಿ ಬರೀ ನೀರಿನ ತಟ್ಟೆಯೂ ಇರಲೇಬೇಕು. ಮೂರ್ನಾಲ್ಕು ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ ತಟ್ಟೆ ತೊಳೆಯಬೇಕು. ಕೋಳಿಯ ತಟ್ಟೆ ಅಡುಗೆಮನೆಗೆ ಬರಬಾರದು, ಗೂಡು ಮುಟ್ಟಿದ ಕೈಗೆ ಸಾಬೂನು ಬೇಕು. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಖರ್ಜೂರ, ಒಣದ್ರಾಕ್ಷಿ, ಅನಾನಸ್ ನೀರನ್ನು ನಾವು ರಾತ್ರಿ ನೆನೆಸಿ ಬೆಳಿಗ್ಗೆ ಕುಡಿದು ಮುಗಿಸುತ್ತೇವೆ. ಬೆಲ್ಲ ಸೇರಿಸಿ ಬಾಟಲಿ ಬಿಗಿಯುವ ಕೆಲಸ ನಿಲ್ಲಿಸಿದ್ದೇವೆ. ಬಾಟಲಿ ಒಡೆಯುವ ಅಪಾಯವೂ ಇದೆ. ಮನೆಯಲ್ಲಿ ದೊಡ್ಡ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ, ಇಂಥ ಪಾನೀಯ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಮಕ್ಕಳಿಗೆ ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್.

ಲಸಿಕೆಗೆ ಬದಲಿ ಇಲ್ಲ

ಮಜ್ಜಿಗೆ ಕುಡಿಸುತ್ತೇವೆ, ಲಸಿಕೆ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮ ಕಡೆ ಕೊಕ್ಕರೆ ರೋಗ ಅನ್ನುವ ರಾಣಿಖೇತ್ ವೈರಸ್ಸಿನಿಂದ ಬರುತ್ತದೆ. ಯಾವ ಮಜ್ಜಿಗೆಯೂ ಅದನ್ನು ತಡೆಯದು. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಆರ್2ಬಿ ಚುಚ್ಚುಮದ್ದು, ಇದು ಸಾಮಾನ್ಯ ಕ್ರಮ. ಲಸಿಕೆಯ ಬಾಟಲಿಯಲ್ಲಿ ಹತ್ತಾರು ಮರಿಗೆ ಆಗುವಷ್ಟು ಇರುತ್ತದೆ. ಒಬ್ಬರೇ ಹಾಕಿಸುವುದು ದುಬಾರಿ ಅನ್ನಿಸಿದರೆ ನಾಲ್ಕು ಮನೆಯವರು ಒಂದೇ ದಿನ ಹಾಕಿಸಬಹುದು. ಈಗ ನಾವೂ ಪಕ್ಕದ ಅಜ್ಜಿಯೂ ಹಾಗೇ ಮಾಡುತ್ತೇವೆ.

ಹಾಗೆಯೇ ಮರಿ ತೂಕಡಿಸಿದ ಕೂಡಲೇ ಅಂಗಡಿಯಿಂದ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಕದಡುವ ಅಭ್ಯಾಸ. ಅದು ವೈರಸ್ಸಿಗೆ ಕೆಲಸ ಮಾಡುವುದಿಲ್ಲ, ಹೊಟ್ಟೆಯ ಒಳ್ಳೆಯ ಅಣುಜೀವಿಗಳನ್ನೂ ಕೊಲ್ಲುತ್ತದೆ. ಕೋಳಿ ಬೇಗ ಕೊಬ್ಬಲಿ ಅಂತ ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರಿಂದ ನಿಲ್ಲಿಸಿದೆ. ನಮ್ಮ ದೇಶದಲ್ಲಿ 2019ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ, ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಬೇರೆ ಯಾವ ಮದ್ದೂ ಹಿಡಿಯದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಯದಾಗಿ ಕೊಡುವ ಮದ್ದು ಅದು. ಕೋಳಿಗೂಡಿನಲ್ಲಿ ಅದನ್ನು ಖರ್ಚು ಮಾಡಿದರೆ ನಾಳೆ ನಮ್ಮ ಮಕ್ಕಳಿಗೆ ಉಳಿಯುವುದಿಲ್ಲ.

ಉಳಿದ ಒಂಬತ್ತು ಮರಿಗಳು ಈಗ ದೊಡ್ಡವಾಗಿವೆ. ಐದು ಹೇಂಟೆ, ನಾಲ್ಕು ಹುಂಜ. ಮಗಳು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಎರಡು ಮಣ್ಣಿನ ತಟ್ಟೆ ಇಡುತ್ತಾಳೆ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮಜ್ಜಿಗೆ ನೀರು. ಇಡುವ ಮೊದಲು ಲೋಟಕ್ಕೆ ಸ್ವಲ್ಪ ಹಾಕಿಕೊಂಡು ತಾನು ಕುಡಿದು ನೋಡುತ್ತಾಳೆ. ಯಾಕೆ ಅಂತ ಒಂದು ದಿನ ಕೇಳಿದೆವು. "ನನಗೆ ಸರಿ ಅನ್ನಿಸದಿದ್ದರೆ ಅವಕ್ಕೂ ಇಲ್ಲ ಬಾಪಾ" ಅಂದಳು. ಅವಳ ಆ ರಾತ್ರಿಯ ಪ್ರಶ್ನೆಗೆ ನಮ್ಮ ಬಳಿ ಇಂದಿಗೂ ಉತ್ತರವಿಲ್ಲ. ಮುಂದಿನ ಮಳೆಗಾಲಕ್ಕೆ ಮಾತ್ರ ಅವಳೇ ಉತ್ತರ ಮಾಡಿಕೊಂಡಿದ್ದಾಳೆ.